ಹಾಡೋ ಹುಡುಗಿಗೆ ಕ್ಯಾಂಪಸ್ ಸೆಲೆಕ್ಷನ್ ಯಾಕಿಲ್ಲ?

ಕಮರ್ಷಿಯಲ್ ಸ್ಟ್ರೀಟಿನ ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ನಮ್ಮ ಕಾಕಾನ ಮಗಳು ಕೂತಿರ್ತಾಳೆ. ಬೆಳಿಗ್ಗೆ ಹತ್ತೂವರೆಯಿಂದ ರಾತ್ರಿ ಒಂಬತ್ತರ ತನಕ. ಓದಿದ್ದು ಎಂ.ಮ್ಯೂಸಿಕ್, ಹಿಂದೂಸ್ತಾನಿ ಗಾಯನ, ಫಸ್ಟ್ ಕ್ಲಾಸ್. ಕೆಲಸ, ಬಾರ್‌ಕೋಡಿಗೆ ಲೈಟು ಹಿಡಿಯೋದು. "ಯಣ್ಣಾ, ಈ ಮಷೀನು ಕೀಂಯ್ ಅಂತೈತಲ್ಲ, ಅದು ಯಾವ ಸ್ವರ ಅಂತ ಮೊದಲನೇ ದಿನಾನ ಹಿಡದೇನಿ" ಅಂದಳು ಒಂದ್ಸಲ. ನಗಬೇಕೋ ಅಳಬೇಕೋ ತಿಳೀಲಿಲ್ಲ.

ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನ ರೂಮು. ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಅವಳ ಪಿ.ಜಿ. ಊರಿಂದ ಬಂದ ಹೊಸದರಲ್ಲಿ ಅವಳಿಗೆ ರಸೆಲ್ ಮಾರ್ಕೆಟ್ ತೋರಿಸಿದೆ, ಕಬ್ಬನ್ ಪಾರ್ಕ್ ತೋರಿಸಿದೆ. ಅವಳು ಮೆಚ್ಚಿದ್ದು ಎರಡನ್ನೂ ಅಲ್ಲ, ಸಂತ ಮೇರಿ ಬಸಿಲಿಕವನ್ನ. ಭಾನುವಾರ ಅಂಗಡಿಗೆ ಹೋಗೋ ಮೊದಲು ಚರ್ಚಿನ ಅಂಗಳದಲ್ಲಿ, ಮೇಣದಬತ್ತಿ ಮಾರೋರ ಹತ್ತಿರ ನಿಂತು, ಒಳಗೆ ಹಾಡೋದನ್ನ ಕೇಳ್ತಾಳೆ. ದೇವರ ಮೇಲಿನ ಭಕ್ತಿಯಿಂದಲ್ಲ. ಅವಳ ಪ್ರಶ್ನೆ ಬೇರೆ. "ನಾಕು ಥರದ ದನಿ ಒಮ್ಮೆಗೇ ಹೊಂಡತಾವು, ಒಂದಕ್ಕೊಂದು ಬಡಿಯೂದಿಲ್ಲ. ಇದನ್ನ ಇವರಿಗೆ ಯಾರು ಕಲಿಸ್ತಾರ?"

ನನಗೇನು ಗೊತ್ತು? ನಾನು ಓದಿದ್ದು ಬಿ.ಇ., ಬರೆಯೋದು ಜಾವಾ ಕೋಡು. ಆಫೀಸಿನಲ್ಲಿ ಒಬ್ಬ ಗೆಳೆಯ ಇದಾನೆ. ಕಾಕ್ಸ್ ಟೌನಿನವನು, ಚಿಕ್ಕಂದಿನಿಂದ ಚರ್ಚ್ ಕಾಯಿರಿನಲ್ಲಿ ಹಾಡಿದವನು, ಲಂಡನ್ನಿನ ಟ್ರಿನಿಟಿಯವರು ನಡೆಸೋ ಗ್ರೇಡ್ ಪರೀಕ್ಷೆಗಳನ್ನ ಒಂದೊಂದಾಗಿ ಪಾಸು ಮಾಡಿದವನು. ಅವನನ್ನ ಕೇಳಿದೆ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಅಂತ ಟೇಬಲ್ ಮೇಲೆ ನಾಲ್ಕು ಸಕ್ಕರೆ ಪೊಟ್ಟಣ ಇಟ್ಟು ಪಾಠ ಮಾಡಿದ. ಮಾಡ್ತಾ ಮಾಡ್ತಾ ಮಾತು ಆಪೆರಾಕ್ಕೆ ಹೋಯ್ತು. ಆಮೇಲೆ ಕೇಳಿಯೇಬಿಟ್ಟ: "ನಿಮ್ಮ ಕನ್ನಡದಲ್ಲಿ ಆಪೆರಾ ಥರದ್ದು ಏನೂ ಇಲ್ವಾ ಮಚ್ಚಾ? ಕಥೆ ಪೂರ್ತಿ ಹಾಡಲ್ಲೇ ಹೇಳೋದು?"

ಆ ಕ್ಷಣ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಬಾಗಲಕೋಟೆ ಜಿಲ್ಲೆಯವನು ನಾನು. ಕೃಷ್ಣ ಪಾರಿಜಾತ ನೋಡ್ತಾ ನೋಡ್ತಾ ಅವ್ವನ ತೊಡೆ ಮೇಲೆ ನಿದ್ದೆ ಹೋಗಿ ಬೆಳೆದವನು. ಆದರೂ ಹತ್ತು ವರ್ಷದ ಬೆಂಗಳೂರು ನನ್ನೊಳಗೆ ಏನು ಮಾಡಿತ್ತು ಅಂದ್ರೆ, "ಆಪೆರಾ" ಅಂದ ಕೂಡಲೇ ಕಣ್ಣೆದುರು ಬಂದಿದ್ದು ಕೋಟು ಹಾಕಿದ ದಪ್ಪನೆ ಬಿಳಿಯ ಮನುಷ್ಯ. ಸತ್ಯಭಾಮೆ ನೆನಪಾಗಲಿಲ್ಲ. ಕುಲಗೋಡು ತಮ್ಮಣ್ಣ ನೆನಪಾಗಲಿಲ್ಲ. ಹೆಣ್ಣುಮಕ್ಕಳು ರಂಗಕ್ಕೆ ಬಂದರೆ ಊರೇ ಬಾಯಿ ಬಡಕೊಳ್ಳುತ್ತಿದ್ದ ಕಾಲದಲ್ಲಿ ಪಾರಿಜಾತ ಹಾಡಿ ಜನರನ್ನ ಬೆಳಗಿನ ತನಕ ಕೂರಿಸಿದ ಕೌಜಲಗಿ ನಿಂಗಮ್ಮ ನೆನಪಾಗಲಿಲ್ಲ. ರಾತ್ರಿ ರೂಮಿಗೆ ಬಂದ ಮೇಲೆ ನೆನಪಾಯ್ತು, ನಾಚಿಕೆಯೂ ಆಯ್ತು. ಮಾರನೇ ದಿನ ಅವನನ್ನ ಹಿಡಿದು ಕೂರಿಸಿಕೊಂಡು ಒಂದು ತಾಸು ಕೊರೆದೆ. ಅವನಿಗೆ ಕೊರೆದಿದ್ದರ ಮುಂದಿನ ಭಾಗ ಇದು. ಇದು ಅವನಿಗಲ್ಲ, ನಮಗೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಹಾಡಿ ನಟಿಸೋ, ನಟಿಸ್ತಾ ಹಾಡೋ ಕಲೆ ನಮಗೆ ಹೊಸದಲ್ಲ. ಬಯಲಾಟ ಅದೇ, ಪಾರಿಜಾತ ಅದೇ, ಯಕ್ಷಗಾನ ಅದೇ. ಕಂಪನಿ ನಾಟಕವಂತೂ ಅದೇ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಿಂದ ಹಿಡಿದು ವರದಾಚಾರ್ಯರ ರತ್ನಾವಳಿ ಕಂಪನಿ, ಗದಗಿನ ಗರುಡ ಸದಾಶಿವರಾಯರ ಕಂಪನಿ, ವಾಮನರಾವ್ ಮಾಸ್ತರರ ಕಂಪನಿ, ಏಣಗಿ ಬಾಳಪ್ಪನವರ ಕಲಾವೈಭವ ತನಕ ಯಾವುದನ್ನೇ ತಗೊಳ್ಳಿ, ಹಾಡು ಬಾರದವನಿಗೆ ಅಲ್ಲಿ ದೊಡ್ಡ ಪಾತ್ರ ಇರಲಿಲ್ಲ. ಜನ ಚೆನ್ನಾಗಿ ಹಾಡಿದ್ದಕ್ಕೆ ಒನ್ಸ್ ಮೋರ್ ಅಂತ ಕೂಗೋರು. ಸಾಯೋ ಪಾತ್ರದವನು ಎದ್ದು ಕೂತು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸತ್ತ ಕಥೆಗಳನ್ನ ನಮ್ಮಜ್ಜ ಹೇಳ್ತಿದ್ದ. ಮೈಕು ಬರೋ ಮೊದಲು ತಗಡಿನ ಥಿಯೇಟರಿನ ಕೊನೇ ಸಾಲಿನ ನಾಕಾಣೆ ಗಿರಾಕಿಗೂ ಮಾತು ಒಡೆಯದೆ ಕೇಳಬೇಕು. ಅದೂ ವಾರಕ್ಕೆ ಆರೇಳು ಆಟ, ತಿಂಗಳುಗಟ್ಟಲೆ ಕ್ಯಾಂಪು. ಗಂಟಲು ಹರಿದುಕೊಳ್ಳದೆ ಇದನ್ನ ಮಾಡೋದು ಹೇಗೆ ಅನ್ನೋದೇ ಒಂದು ವಿದ್ಯೆ. ಆಪೆರಾದವರು ಇವತ್ತಿಗೂ ಮೈಕಿಲ್ಲದೆ ದೊಡ್ಡ ದೊಡ್ಡ ಹಾಲ್ ತುಂಬಿಸಿ ಹಾಡ್ತಾರಂತೆ, ಅದಕ್ಕಾಗಿ ವರ್ಷಗಟ್ಟಲೆ ತಯಾರಿ ಮಾಡ್ತಾರಂತೆ ಅಂತ ಬಾಯಿ ಬಿಟ್ಟು ಕೇಳ್ತೀವಲ್ಲ, ಅದೇ ಕೆಲಸವನ್ನ ನಮ್ಮ ಕಡೆ ಕಾಲುಪೇಟಿ ತುಳೀತಾ ಕೂತ ಮಾಸ್ತರ ಒಬ್ಬನೇ ಕಲಿಸ್ತಿದ್ದ.

ಆ ಮಾಸ್ತರನ ಶಾಲೆಯಿಂದ ಯಾರು ಯಾರು ಬಂದರು ನೋಡಿ. ಧಾರವಾಡದ ಹತ್ತಿರದ ಮನಸೂರಿನಿಂದ ಒಬ್ಬ ಹುಡುಗ ಅಣ್ಣನ ಬೆನ್ನು ಹತ್ತಿ ಬಾಲ್ಯದಲ್ಲೇ ನಾಟಕ ಕಂಪನಿ ಸೇರಿದ. ಅಲ್ಲಿ ಹಾಡಿದ ದನಿಯನ್ನ ಕೇಳಿಯೇ ಗುರುಗಳು ಕರೆದು ಪಾಠ ಹೇಳಿದರು. ಅವರು ಮಲ್ಲಿಕಾರ್ಜುನ ಮನಸೂರ. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗವೇ ಅವರನ್ನ ಕರೆದು ಕೂರಿಸಿಕೊಂಡಿತು. ಬಸವರಾಜ ರಾಜಗುರು ಅವರೂ ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡಿದವರು. ಪಂಚಾಕ್ಷರಿ ಗವಾಯಿಗಳ ಕೈಗೆ ಸಿಕ್ಕಿದ್ದು ಆಮೇಲೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ, ಅನಾಥ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸೋದಕ್ಕೆ ದುಡ್ಡು ಹುಟ್ಟಿಸಿದ್ದು ಹೇಗೆ? ಸ್ವಂತ ನಾಟಕ ಕಂಪನಿ ಕಟ್ಟಿಕೊಂಡು. ಪುಟ್ಟರಾಜ ಗವಾಯಿಗಳು ಅದಕ್ಕಾಗಿ ನಾಟಕ ಬರೆದರು. ಅಂದರೆ ಸಂಗೀತ ಶಾಲೆ ಮತ್ತು ನಾಟಕ ಕಂಪನಿ ಒಂದೇ ಅಡಿಗೆಮನೆಯಲ್ಲಿ ಉಂಡವು. ಇನ್ನು ರಾಜಕುಮಾರ್. ಶಾಲೆ ಹೆಚ್ಚು ಓದದ, ಅಪ್ಪನ ಜೊತೆ ಗುಬ್ಬಿ ಕಂಪನಿಯಲ್ಲಿ ಬೆಳೆದ ಹುಡುಗ. ಅರವತ್ತು ದಾಟಿದ ಮೇಲೆ 'ಜೀವನ ಚೈತ್ರ'ದ ಹಾಡಿಗೆ 1992ರ ಸಾಲಿನ ಅತ್ಯುತ್ತಮ ಗಾಯಕ ಅಂತ ರಾಷ್ಟ್ರಪ್ರಶಸ್ತಿ ತಗೊಂಡರು. ನಟನೆಗಲ್ಲ ಸ್ವಾಮಿ, ಹಾಡಿಗೆ. ಆ ಗಂಟಲಿಗೆ ಅಡಿಪಾಯ ಹಾಕಿದ್ದು ಸ್ಟುಡಿಯೋ ಅಲ್ಲ, ಕಂಪನಿ.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋ ಉದಾಹರಣೆ ಬಿ.ವಿ. ಕಾರಂತರದು. ಬಂಟ್ವಾಳ ತಾಲೂಕಿನ ಮಂಚಿಯ ಹುಡುಗ, 1929ರಲ್ಲಿ ಹುಟ್ಟಿದವರು. ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದರು. ಮಾಲೀಕ ಗುಬ್ಬಿ ವೀರಣ್ಣನವರು ಈ ಹುಡುಗನನ್ನ ಜೀವಮಾನ ಪೂರ್ತಿ ಬಾಲಪಾತ್ರ, ಸ್ತ್ರೀಪಾತ್ರ ಮಾಡಿಸಿಕೊಂಡು ಇಟ್ಟುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಓದು ಅಂತ ಬನಾರಸ್ಸಿಗೆ ಕಳಿಸಿದರು. ಕಾರಂತರು ಅಲ್ಲಿ ಹಿಂದಿ ಎಂ.ಎ. ಮಾಡಿದರು, ಓಂಕಾರನಾಥ ಠಾಕೂರರಂಥವರ ಹತ್ತಿರ ಹಿಂದೂಸ್ತಾನಿ ಸಂಗೀತ ಕಲಿತರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಮುಂದೆ ಅದೇ ಶಾಲೆಗೆ ನಿರ್ದೇಶಕರು. ಆಮೇಲೆ ಭೋಪಾಲಿನ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ. ಇವತ್ತು ನಾವು ರಂಗಸಂಗೀತ ಅಂತ ಏನನ್ನ ಎದೆ ತಟ್ಟಿ ಹೇಳಿಕೊಳ್ತೀವೋ ಅದರ ದೊಡ್ಡ ಪಾಲು ಆ ಮನುಷ್ಯನದು. ಕಂಪನಿಯ ಹುಚ್ಚು, ವಿಶ್ವವಿದ್ಯಾಲಯದ ಶಿಸ್ತು ಎರಡೂ ಒಂದೇ ತಲೆಯಲ್ಲಿ ಸೇರಿದ್ದರಿಂದ ಅದು ಹುಟ್ಟಿತು. ಆ ಸೇರುವೆಗೆ ದಾರಿ ಮಾಡಿದವರು ಕಾಲೇಜು ಕಟ್ಟೆ ಹತ್ತದ ಒಬ್ಬ ನಾಟಕದ ಮಾಲೀಕರು.

ಈಗ ಹೇಳಿ. ವೀರಣ್ಣನವರು ಒಬ್ಬ ಹುಡುಗನಿಗೆ ಮಾಡಿದ್ದನ್ನ ಇಷ್ಟು ವಿಶ್ವವಿದ್ಯಾಲಯ, ಇಷ್ಟು ಅಕಾಡೆಮಿ ಇರೋ ರಾಜ್ಯ ನೂರು ಹುಡುಗರಿಗೆ ಯಾಕೆ ಮಾಡಬಾರದು?

ಆಪೆರಾದವರು ಇದನ್ನ ಮಾಡಿಕೊಂಡಿದ್ದಾರೆ. ಕಾಕ್ಸ್ ಟೌನ್ ಗೆಳೆಯ ತೋರಿಸಿದ್ದು ಇದನ್ನೇ. ಅಮೆರಿಕದ ಹ್ಯೂಸ್ಟನ್ ಅಂದ್ರೆ ನಮ್ಮೋರಿಗೆ ಎಣ್ಣೆ ಕಂಪನಿ, ನಾಸಾ, ಆನ್‌ಸೈಟು ಅಷ್ಟೇ. ಅಲ್ಲಿ 1977ರಲ್ಲಿ ಹ್ಯೂಸ್ಟನ್ ಗ್ರ್ಯಾಂಡ್ ಆಪೆರಾ ಅನ್ನೋ ವೃತ್ತಿ ಕಂಪನಿಯೂ ಹ್ಯೂಸ್ಟನ್ ವಿಶ್ವವಿದ್ಯಾಲಯವೂ ಸೇರಿ ಒಂದು ಆಪೆರಾ ಸ್ಟುಡಿಯೋ ಶುರು ಮಾಡಿದವು. ಕಂಪನಿಯ ಮುಖ್ಯಸ್ಥ ಡೇವಿಡ್ ಗಾಕ್ಲಿ, ಸಂಗೀತ ರಚನಾಕಾರ ಕಾರ್ಲೈಲ್ ಫ್ಲಾಯ್ಡ್ ಇಬ್ಬರ ಕೆಲಸ ಅದು. ಓದು ಮುಗಿಸಿದ, ಇನ್ನೂ ಪೂರ್ತಿ ಪಳಗದ ಹಾಡುಗಾರರನ್ನ ಆರಿಸಿ ತರ್ತಾರೆ. ಸ್ಟೈಪೆಂಡು ಕೊಡ್ತಾರೆ. ದನಿಗೆ ಒಬ್ಬ, ಭಾಷೆಯ ಉಚ್ಚಾರಕ್ಕೆ ಒಬ್ಬ, ನಟನೆಗೆ ಒಬ್ಬ ಅಂತ ಮೇಷ್ಟ್ರು ಇರ್ತಾರೆ. ದೊಡ್ಡ ನಾಟಕದಲ್ಲಿ ಚಿಕ್ಕ ಪಾತ್ರ ಸಿಗುತ್ತೆ, ದೊಡ್ಡ ಪಾತ್ರದವರಿಗೆ ಗಂಟಲು ಕೈಕೊಟ್ಟರೆ ಬದಲಿಗೆ ನಿಲ್ಲೋ ತಯಾರಿ ಇರುತ್ತೆ. ಇವತ್ತು ಜಗತ್ತೆಲ್ಲ ಹೆಸರು ಮಾಡಿರೋ ಜಾಯ್ಸ್ ಡಿಡೊನಾಟೊ ಆ ಸ್ಟುಡಿಯೋದಲ್ಲಿ ಪಳಗಿದ ಹುಡುಗಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದವರೂ 1980ರಿಂದ ಇಂಥದ್ದೇ ಒಂದನ್ನ ನಡೆಸ್ತಿದಾರೆ. ನಮ್ಮ ದೇಶದ್ದೇ ಬೇಕಂದ್ರೆ, ಮುಂಬಯಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ ಸೊಪ್ರಾನೊ ಪೆಟ್ರೀಶಿಯಾ ರೊಜಾರಿಯೊ 2009ರಿಂದ ಮತ್ತೆ ಮತ್ತೆ ಇಲ್ಲಿಗೆ ಬಂದು ನಮ್ಮ ಹುಡುಗ ಹುಡುಗಿಯರಿಗೆ ಹಾಡು ಹೇಳಿಕೊಡ್ತಿದಾರೆ. ಕಂಟೋನ್ಮೆಂಟಿನ ಮಕ್ಕಳಿಗೆ ಹೀಗೆ ಒಂದು ಏಣಿ ಇದೆ. ಕಡಿದಾದ ಏಣಿ, ದುಬಾರಿ ಏಣಿ, ಒಪ್ಪಿದೆ. ಆದರೂ ಮೆಟ್ಟಿಲು ಎಣಿಸಬಹುದು. ನನ್ನ ತಂಗಿಗೆ ಎಣಿಸೋಕೆ ಒಂದು ಮೆಟ್ಟಿಲೂ ಇಲ್ಲ.

ಅವಳ ಪ್ರಾಕ್ಟಿಕಲ್ ಪರೀಕ್ಷೆ ಹೇಗೆ ನಡೆದಿತ್ತು ಅಂತ ಕೇಳಿದೆ. ಕೋಣೆಯಲ್ಲಿ ಇಬ್ಬರು ಪರೀಕ್ಷಕರು. ಒಂದು ದೊಡ್ಡ ರಾಗ, ಎರಡು ಚಿಕ್ಕ ರಾಗ, ತಾಳಕ್ಕೆ ಕೈ ಹಾಕಿ ತೋರಿಸೋದು, ನಾಲ್ಕು ಪ್ರಶ್ನೆ. ನಡುವೆ ಚಹಾ ಬಂತು. ಮುಗೀತು. ಎರಡು ವರ್ಷದ ಎಂ.ಮ್ಯೂಸಿಕ್‌ನಲ್ಲಿ ದುಡ್ಡು ಕೊಟ್ಟು ಬಂದ ಒಬ್ಬ ಪ್ರೇಕ್ಷಕನ ಎದುರೂ ಅವಳು ಹಾಡಿಲ್ಲ. ನಡೀತಾ ಹಾಡಿಲ್ಲ, ಅಳ್ತಾ ಹಾಡಿಲ್ಲ, ಎದುರಿಗೆ ಇನ್ನೊಂದು ಪಾತ್ರ ನಿಂತು ಸವಾಲಿಗೆ ಜವಾಬು ಬೇಡುವಾಗ ಹಾಡಿಲ್ಲ. ಈಜು ಕಲಿಸೋ ಕಾಲೇಜಿನಲ್ಲಿ ನೀರಿನ ಮೇಲೆ ಪ್ರಬಂಧ ಬರೆಸಿದ ಹಾಗಾಯ್ತು ಇದು. ಇದು ಒಂದು ಕಾಲೇಜಿನ ತಪ್ಪಲ್ಲ, ಪದ್ಧತಿಯೇ ಹೀಗೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೇ ಅಂತ ಪ್ರತ್ಯೇಕ ವಿಶ್ವವಿದ್ಯಾಲಯ ಇದೆ. ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಎಷ್ಟು ರಾಜ್ಯಗಳಿಗೆ ಇದೆ ಈ ಭಾಗ್ಯ? ಇಷ್ಟಿದ್ದೂ ಹಾಡೋ ಹುಡುಗಿಯ ಸರ್ಟಿಫಿಕೇಟಿನಿಂದ ಬನಶಂಕರಿ ಜಾತ್ರೆಯ ತಗಡಿನ ಥಿಯೇಟರಿಗೆ ಒಂದು ಕಾಲುದಾರಿ ಇಲ್ಲ ಅಂದ್ರೆ ಬೈಯದೆ ಇರೋದು ಹೇಗೆ?

ನನ್ನ ಕಥೆ ಹೇಳ್ತೀನಿ, ಹೋಲಿಸಿ ನೋಡಿ. ನಾನು ಬಿ.ಇ. ಮಾಡಿದ ಕಾಲೇಜಿನಲ್ಲಿ ಕಲಿತಿದ್ದು ಅಷ್ಟಕ್ಕಷ್ಟೇ. ಕೊನೇ ವರ್ಷದ ಪ್ರಾಜೆಕ್ಟ್ ನಮ್ಮ ಬ್ಯಾಚಿನ ಮುಕ್ಕಾಲು ಪಾಲು ಜನ ದುಡ್ಡು ಕೊಟ್ಟು ತಂದಿದ್ದು, ಅದರಲ್ಲಿ ನಾನೂ ಒಬ್ಬ. (ಈಗ ಹೇಳಿದರೆ ಡಿಗ್ರಿ ವಾಪಸ್ ತಗೊಳ್ಳಲ್ಲ ಅಂದುಕೊಂಡಿದೀನಿ.) ಆದರೂ ಕಂಪನಿ ಕ್ಯಾಂಪಸ್ಸಿಗೆ ಬಂತು. ಆರಿಸಿಕೊಂಡಿತು. ಆರು ತಿಂಗಳು ಸಂಬಳ ಕೊಟ್ಟು, ಎ.ಸಿ. ಹಾಲಿನಲ್ಲಿ ಕೂರಿಸಿ, ಕೋಡು ಬರೆಯೋದನ್ನ ಅ ಆ ಇ ಈಯಿಂದ ಹೇಳಿಕೊಟ್ಟಿತು. ತಪ್ಪು ಮಾಡಿದಾಗ ಪಕ್ಕದಲ್ಲಿ ಒಬ್ಬ ಸೀನಿಯರ್ ಕೂತು ತಿದ್ದಿದ. ಊರಿನ ಕನ್ನಡ ಶಾಲೆಯ ಹುಡುಗನಿಂದ ಇಂಜಿನಿಯರ್ ಆಗಿದ್ದು ಹೀಗೆ, ನನ್ನ ಬುದ್ಧಿಯಿಂದಲ್ಲ. ಕಾಲೇಜಿಗೂ ಉದ್ಯಮಕ್ಕೂ ನಡುವೆ ಯಾರೋ ಒಂದು ಸೇತುವೆ ಹಾಕಿದ್ದರು, ನಾನು ಅದರ ಮೇಲೆ ನಡೆದೆ ಅಷ್ಟೇ. ನನಗಿಂತ ಹತ್ತು ಪಟ್ಟು ಪ್ರತಿಭೆ ಇರೋ ನನ್ನ ತಂಗಿ ಹೊಳೆ ಈಚೆ ದಡದಲ್ಲಿ ಬಾರ್‌ಕೋಡು ಎಣಿಸ್ತಾ ಕೂತಿದಾಳೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಹೇಳದೆ ಮುಂದೆ ಹೋದರೆ ಉಳಿದಿದ್ದೆಲ್ಲ ಬರೀ ಬೊಗಳೆ ಆಗುತ್ತೆ. ಅವಳು ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ವರ್ಷ, ಜಾತ್ರೆಗೆ ಬಂದಿದ್ದ ಒಂದು ನಾಟಕ ಕಂಪನಿಯ ಪೇಟಿ ಮಾಸ್ತರರು ಅವಳ ದನಿ ಕೇಳಿ ಮನೆಗೆ ಬಂದಿದ್ದರು. ಎಪ್ಪತ್ತು ದಾಟಿದ ಮುದುಕರು. "ಯಪ್ಪಾ, ಹುಡುಗಿನ ಒಂದ ಸೀಜನ್ ಕಳಸ್ರಿ. ನನ್ನ ಕಡೆ ಇರೂ ಹಳೇ ಚಾಲು ಇಕಿಗಿ ಹೇಳಿಕೊಟ್ಟು ಸಾಯ್ತೇನಿ" ಅಂದರಂತೆ. ಕಾಕಾ ಒಪ್ಪಲಿಲ್ಲ. "ಕಂಪನಿಗೆ ಹೋದ ಹುಡುಗಿನ ಯಾರ ಲಗ್ನ ಆಗ್ತಾರ" ಅಂದ. ಓದಿದ ಮಗ ಅಂತ ನನಗೆ ಫೋನು ಬಂತು. ನಾನು ಬಾಗ್ಮನೆ ಟೆಕ್ ಪಾರ್ಕಿನ ಕ್ಯಾಂಟೀನಿನಲ್ಲಿ ನಿಂತು, ದೋಸೆ ತಿಂತಾ, "ಬ್ಯಾಡ ಬಿಡ್ರಿ ಕಾಕಾ, ಇಲ್ಲಿ ನಾನು ಏನರ ನೋಡ್ತೇನಿ" ಅಂದುಬಿಟ್ಟೆ. ಎರಡೇ ನಿಮಿಷದ ಕಾಲ್. ನಾನು ನೋಡಿ ಕೊಡಿಸಿದ್ದೇ ಈ ಬಿಲ್ಲಿಂಗ್ ಕೌಂಟರು. ಅವಳು ಇವತ್ತಿಗೂ ಆ ವಿಷಯ ಎತ್ತಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಆದರೆ ಕಾಕಾನ ಹೆದರಿಕೆ ಸುಳ್ಳು ಅಂತ ನಾನು ಹೇಳಲ್ಲ. ಕಂಪನಿ ಹೆಣ್ಣುಮಕ್ಕಳನ್ನ ನಮ್ಮ ಸಮಾಜ ಏನಂತ ಕರೀತಿತ್ತು, ಅವರು ಯಾವ ಯಾವ ತಗಡಿನ ಕೋಣೆಯಲ್ಲಿ ಮಕ್ಕಳನ್ನ ಹೆತ್ತರು, ವಯಸ್ಸಾದ ಮೇಲೆ ಯಾವ ಪಿಂಚಣಿಗೆ ಎಷ್ಟು ಕಚೇರಿ ಅಲೆದರು ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿರೋದೇ. ಆ ಹೆದರಿಕೆಗೆ ಮದ್ದು "ಕಲೆಯನ್ನ ಗೌರವಿಸಿ" ಅಂತ ಭಾಷಣ ಮಾಡೋದಲ್ಲ. ವಿಶ್ವವಿದ್ಯಾಲಯದ ಗುರುತಿನ ಚೀಟಿ ಅದಕ್ಕೆ ಮದ್ದು. ಹುಡುಗಿ ಕಂಪನಿಗೆ "ಹೋದಳು" ಅನ್ನೋದು ಬೇರೆ, ಯೂನಿವರ್ಸಿಟಿಯವರು ನಾಲ್ಕು ತಿಂಗಳ ತರಬೇತಿಗೆ ಕಳಿಸಿದಾರೆ, ಆರು ಹುಡುಗಿಯರು ಒಟ್ಟಿಗಿದಾರೆ, ಜೊತೆಗೊಬ್ಬ ಮೇಡಮ್ ಇದಾರೆ, ಇರೋಕೆ ಸರಿಯಾದ ಕೋಣೆ ಇದೆ, ತಿಂಗಳಿಗೆ ದುಡ್ಡು ಬ್ಯಾಂಕಿಗೆ ಬರುತ್ತೆ, ಏನಾದರೂ ಆದರೆ ದೂರು ಕೇಳೋ ಸಮಿತಿ ಇದೆ ಅನ್ನೋದು ಬೇರೆ. 2013ರ ಕಾಯ್ದೆ ಪ್ರಕಾರ ಆ ಸಮಿತಿ ಇರಲೇಬೇಕು, ಔದಾರ್ಯ ಏನಲ್ಲ. ಇಷ್ಟಿದ್ದಿದ್ದರೆ ಕಾಕಾ ಗೊಣಗುತ್ತಾನೇ ಹೂಂ ಅಂತಿದ್ದ. ನಾನೂ ದೋಸೆ ಕೆಳಗಿಟ್ಟು ಮಾತಾಡ್ತಿದ್ದೆ.

ಇದನ್ನ ಯಾರ ಹತ್ತಿರ ಹೇಳಿದರೂ ನಾಲ್ಕು ತಕರಾರು ಬರ್ತವೆ. "ಕಂಪನಿ ಮಾಸ್ತರರಿಗೆ ನೆಟ್ಟು ಇಲ್ಲ, ಪಿಎಚ್.ಡಿ. ಇಲ್ಲ, ಅವರನ್ನ ಪಾಠಕ್ಕೆ ಕರೆಯೋದು ಹೇಗೆ?" ಕರೆಯೋಕೆ ಮನಸ್ಸಿದ್ದರೆ ನಿಯಮ ಇದೆ. ಯು.ಜಿ.ಸಿ. 2022ರಲ್ಲೇ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ ಮಾರ್ಗಸೂಚಿ ತಂದಿದೆ. ತನ್ನ ಕ್ಷೇತ್ರದಲ್ಲಿ ಹದಿನೈದು ವರ್ಷ ದುಡಿದು ಹೆಸರು ಮಾಡಿದವರಿಗೆ ಡಿಗ್ರಿ ಇಲ್ಲದಿದ್ದರೂ ಪಾಠ ಹೇಳೋ ಜಾಗ ಕೊಡಬಹುದು, ಮಂಜೂರಾದ ಹುದ್ದೆಗಳ ನೂರಕ್ಕೆ ಹತ್ತರಷ್ಟು. ನಮ್ಮ ಕ್ಷೇತ್ರದವರು, ಅಂದ್ರೆ ಐ.ಟಿ. ಮಂದಿ, ಈ ಕುರ್ಚಿ ಮೇಲೆ ಆಗಲೇ ಕಣ್ಣಿಟ್ಟಿದಾರೆ. ಐವತ್ತು ವರ್ಷ ಕಾಲುಪೇಟಿ ತುಳಿದ ಮಾಸ್ತರನನ್ನ ಆ ಕುರ್ಚಿ ಮೇಲೆ ಕೂರಿಸಿದ್ದನ್ನ ನಾನಂತೂ ನೋಡಿಲ್ಲ. ಆ ಮಾಸ್ತರರ ತಲೆಯಲ್ಲಿರೋ ಚಾಲುಗಳಿಗೆ ಬ್ಯಾಕಪ್ಪಿಲ್ಲ ಸ್ವಾಮಿ. ಸರ್ವರ್ ಒಂದೇ ಇದೆ, ಎಪ್ಪತ್ತು ವರ್ಷದ್ದು, ಬಿ.ಪಿ. ಮಾತ್ರೆ ಮೇಲೆ ಓಡ್ತಾ ಇದೆ.

"ದುಡ್ಡು ಎಲ್ಲಿಂದ?" ಇದು ಎರಡನೇದು. ಅಪ್ರೆಂಟಿಸ್ ಕಾಯ್ದೆ ಬಂದಿದ್ದು 1961ರಲ್ಲಿ. ಡಿಗ್ರಿ ಮುಗಿಸಿದ ಹುಡುಗನನ್ನ ಒಂದು ಕಾರ್ಖಾನೆ ಅಪ್ರೆಂಟಿಸ್ ಅಂತ ಇಟ್ಟುಕೊಂಡರೆ ಕನಿಷ್ಠ ಸ್ಟೈಪೆಂಡಿನ ಅರ್ಧ ದುಡ್ಡನ್ನ ಕೇಂದ್ರ ಸರಕಾರ ತುಂಬಿ ಕೊಡೋ ಯೋಜನೆ ಇದೆ. ನಾಟಕ ಕಂಪನಿಯನ್ನ, ಮೇಳವನ್ನ ಈ ಪಟ್ಟಿಗೆ ತನ್ನಿ. ಹಾಡುಗಾರಿಕೆಯೂ ಕಸುಬೇ. ಇನ್ನು ನಮ್ಮ ಐ.ಟಿ. ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನ ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಲೇಬೇಕು ಅಂತ 2013ರ ಕಂಪನಿ ಕಾಯ್ದೆಯಲ್ಲೇ ಇದೆ. ಸಾಂಪ್ರದಾಯಿಕ ಕಲೆಯನ್ನ ಬೆಳೆಸೋದು ಆ ಪಟ್ಟಿಯಲ್ಲೇ ಬರೆದಿದೆ. ನನಗೆ ಕಂಡಿರೋ ಮಟ್ಟಿಗೆ ವರ್ಷಕ್ಕೊಮ್ಮೆ ಕೆರೆ ಹತ್ತಿರ ಟೀ-ಶರ್ಟು ಹಾಕಿಕೊಂಡು ಫೋಟೋ ತೆಗೆಸಿಕೊಳ್ತೀವಿ. ಬೆಂಗಳೂರಿನ ಪೂರ್ವದ ಈ ಭಾಗ ಮೊದಲು ಹೀಗಿರಲಿಲ್ಲ. ಕೆ.ಆರ್. ಪುರದ ಕಡೆ ಐ.ಟಿ.ಐ., ಇತ್ತ ಎಚ್.ಎ.ಎಲ್., ಇಂಥ ಕಾರ್ಖಾನೆಗಳ ಕನ್ನಡ ಸಂಘಗಳಲ್ಲಿ ಶಿಫ್ಟು ಮುಗಿಸಿದ ಕಾರ್ಮಿಕರು ಬಣ್ಣ ಹಚ್ಚಿ ನಾಟಕ ಆಡ್ತಿದ್ದರು. ಅದೇ ರಸ್ತೆಗಳ ಮೇಲೆ ಗಾಜಿನ ಕಟ್ಟಡ ಕಟ್ಟಿಕೊಂಡ ನಾವು ರಾಜ್ಯೋತ್ಸವಕ್ಕೆ ಕರೋಕೆ ಹಾಡ್ತೀವಿ. ಶಿವಾಜಿನಗರದ ಎಲ್ಗಿನ್ ಟಾಕೀಸು ಸಿನಿಮಾ ಮಂದಿರ ಆಗೋ ಮೊದಲು ನಾಟಕದ ಹಾಲ್ ಆಗಿತ್ತು. ಆಮೇಲೆ ಟಾಕೀಸೂ ಮುಚ್ಚಿತು. ಆ ಬೀದಿಯಲ್ಲಿ ದಿನಾ ಓಡಾಡೋ ಎಷ್ಟು ಜನಕ್ಕೆ ಅದು ಗೊತ್ತಿದೆ?

ಮೂರನೇ ತಕರಾರು ಕಂಪನಿ ಮಾಲೀಕರದು: "ಹಾಡು ಹಾಕಿದರೆ ಜನ ಎದ್ದು ಹೋಗ್ತಾರ್ರೀ. ಕಾಮಿಡಿ ಬೇಕು, ಡಬಲ್ ಮೀನಿಂಗ್ ಬೇಕು." ಇಲ್ಲಿ ನಾನು ಅವರ ಮೇಲೂ ಸಿಟ್ಟಾಗ್ತೀನಿ. ಹೋದ ಜಾತ್ರೆಯಲ್ಲಿ ನೋಡಿದ ನಾಟಕದಲ್ಲಿ ಪೇಟಿ ಜಾಗದಲ್ಲಿ ಕ್ಯಾಸಿಯೋ, ಹಾಡಿನ ಜಾಗದಲ್ಲಿ ಪೆನ್‌ಡ್ರೈವ್, ನಾಯಕಿ ಬರೀ ಬಾಯಿ ಆಡಿಸ್ತಿದ್ದಳು. ಅರ್ಧಕ್ಕೆ ಟ್ರ್ಯಾಕ್ ಕೆಟ್ಟು ನಿಂತಾಗ ಅವಳ ಬಾಯಿ ಇನ್ನೂ ಆಡ್ತಾ ಇತ್ತು. ಜನ ನಕ್ಕರು. ಜನಕ್ಕೆ ಹಾಡು ಬೇಡ ಅಂತ ನಿರ್ಧಾರ ಮಾಡಿದವರು ಯಾರು? ಕೆಟ್ಟ ಹಾಡು ಬೇಡ ಅಂದಿರಬಹುದು. ಅದೇ ಊರುಗಳಲ್ಲಿ ಒಳ್ಳೇ ಪಾರಿಜಾತ ಇದ್ದರೆ ಇವತ್ತಿಗೂ ಚಾಪೆ ಹಾಸಿಕೊಂಡು ಕೂರ್ತಾರೆ. ಗಡಿ ದಾಟಿ ನೋಡಿ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ 'ಶಾಕುಂತಲ'ದಿಂದ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಮಹಾರಾಷ್ಟ್ರ ಸರಕಾರ ಇವತ್ತಿಗೂ ಸಂಗೀತ ನಾಟಕಕ್ಕೇ ಅಂತ ಬೇರೆ ಸ್ಪರ್ಧೆ ನಡೆಸುತ್ತೆ. ನಮ್ಮಲ್ಲಿ ಹುಟ್ಟಿದ ಬೀಜಕ್ಕೆ ಅವರು ನೀರು ಹಾಕ್ತಿದಾರೆ, ನಾವು ಪೆನ್‌ಡ್ರೈವ್ ಚಾರ್ಜ್ ಮಾಡ್ತಿದೀವಿ. (ಪೆನ್‌ಡ್ರೈವ್ ಚಾರ್ಜ್ ಮಾಡಲ್ಲ ಅಂತ ನನಗೂ ಗೊತ್ತು. ಸಿಟ್ಟಿನಲ್ಲಿ ಬರೆದಿದ್ದು, ಇರಲಿ.)

ನಾಲ್ಕನೇದು ವಿದ್ವಾಂಸರ ತಕರಾರು, ಅದಕ್ಕೆ ಮರ್ಯಾದೆ ಕೊಡಲೇಬೇಕು. ವಿಶ್ವವಿದ್ಯಾಲಯ ಕೈಹಾಕಿದರೆ ಜೀವಂತ ಕಲೆ ಸಿಲಬಸ್ ಆಗಿ ಒಣಗಿ ಹೋಗುತ್ತೆ ಅಂತಾರೆ. ಒಣಗಬಹುದು. ಆದರೆ ಒಣಗದ ಉದಾಹರಣೆಯೂ ನಮ್ಮಲ್ಲೇ ಇದೆ. ಉಡುಪಿಯ ಯಕ್ಷಗಾನ ಕೇಂದ್ರ 1971ರಲ್ಲಿ ಎಂ.ಜಿ.ಎಂ. ಕಾಲೇಜಿನ ಆಸರೆಯಲ್ಲಿ ಶುರುವಾಯ್ತು. ಶಿವರಾಮ ಕಾರಂತರು ಅದರ ಬೆನ್ನಿಗಿದ್ದರು, ಈಗ ಮಣಿಪಾಲದ ವಿಶ್ವವಿದ್ಯಾಲಯದ ನೆರಳಿದೆ. ಮಕ್ಕಳು ಅಲ್ಲೇ ಉಳೀತಾರೆ, ಶಾಲೆಗೂ ಹೋಗ್ತಾರೆ, ಗುರುಗಳ ಕೈಯಲ್ಲಿ ಹೆಜ್ಜೆ, ತಾಳ, ಮಾತು ಕಲೀತಾರೆ. ಕಲಿತವರು ಹೊರಗೆ ಬಂದರೆ ಕಾದಿರೋದಕ್ಕೆ ಮೇಳಗಳಿವೆ. ದೀಪಾವಳಿ ಆಸುಪಾಸಿಗೆ ತಿರುಗಾಟ ಶುರುವಾದರೆ ಪತ್ತನಾಜೆಗೆ ಗೆಜ್ಜೆ ಬಿಚ್ಚೋ ತನಕ ರಾತ್ರಿ ರಾತ್ರಿ ಆಟ. ಅಲ್ಲಿ ಕಲಿಸೋ ಜಾಗವೂ ಇದೆ, ದುಡಿಯೋ ಜಾಗವೂ ಇದೆ, ಹಾಗಾಗಿ ಕರಾವಳಿಯ ಹುಡುಗ ಭಾಗವತ ಆಗ್ತೀನಿ ಅಂದರೆ ಅಪ್ಪ ಕೋಲು ಹಿಡಿಯಲ್ಲ. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಾಲೆ ತೆರೆದು ಐದೇ ವರ್ಷಕ್ಕೆ ತಿರುಗಾಟ ಶುರು ಮಾಡಿತಲ್ಲ, ಅದೂ ಇದೇ ಬುದ್ಧಿ: ಕಲಿತವನನ್ನ ಊರೂರಿಗೆ ಒಯ್ದು ನಿಲ್ಲಿಸೋದು. ಉತ್ತರ ಕರ್ನಾಟಕದ ಹಾಡು-ನಾಟಕಕ್ಕೆ ಇಂಥದ್ದೊಂದು ಯಾಕಿಲ್ಲ? ನಮ್ಮಲ್ಲಿ ಕಂಪನಿಗಳೂ ಇವೆ, ಜಾತ್ರೆಗಳೂ ಇವೆ, ಗಂಟಲುಗಳಂತೂ ಬೇಕಾದಷ್ಟಿವೆ.

ನಾನು ಕೇಳ್ತಿರೋದು ಆಕಾಶಕ್ಕೆ ಏಣಿ ಅಲ್ಲ. ಸಂಗೀತ ಓದೋ ಹುಡುಗ ಹುಡುಗಿಯರಿಗೆ ಕೊನೇ ವರ್ಷದ ಒಂದು ಸೆಮಿಸ್ಟರ್ ಕಂಪನಿಯಲ್ಲೋ ಮೇಳದಲ್ಲೋ ರಂಗಾಯಣದಂಥ ಕಡೆಯಲ್ಲೋ ಕಳೀಲಿ. ಇಂಜಿನಿಯರಿಂಗ್ ಮಕ್ಕಳಿಗೆ ಇಂಟರ್ನ್‌ಶಿಪ್ಪಿಗೆ ಅಂಕ ಕೊಡ್ತಾರಲ್ಲ, ಹಾಗೆ ಇದಕ್ಕೂ ಕೊಡಲಿ. ಕೋಣೆಯಲ್ಲಿ ಇಬ್ಬರು ಪರೀಕ್ಷಕರು ಕೂರೋ ಬದಲು ಜಾತ್ರೆಯ ಥಿಯೇಟರಿನ ಮೂರನೇ ಸಾಲಿನಲ್ಲಿ ಟಿಕೆಟ್ ತಗೊಂಡು ಕೂರಲಿ, ಅಲ್ಲೇ ಮಾರ್ಕ್ಸ್ ಹಾಕಲಿ. ಕಂಪನಿಗೆ ಸರಕಾರದ ಅನುದಾನ ಬೇಕಂದ್ರೆ ನಾಟಕದಲ್ಲಿ ಇಷ್ಟು ಹಾಡು ಪೆನ್‌ಡ್ರೈವಿಲ್ಲದೆ ಹಾಡಲೇಬೇಕು, ಇಷ್ಟು ಜನ ವಿದ್ಯಾರ್ಥಿಗಳನ್ನ ಇಟ್ಟುಕೊಳ್ಳಲೇಬೇಕು ಅಂತ ಷರತ್ತು ಇರಲಿ. ಚರ್ಚ್ ಕಾಯಿರಿನ ನಾಲ್ಕು ದನಿಯ ವಿದ್ಯೆಯನ್ನೂ ನಮ್ಮ ಮಕ್ಕಳು ಕಲೀಲಿ, ಅದರಿಂದ ಸತ್ಯಭಾಮೆಗೆ ಏನೂ ಮೈಲಿಗೆ ಆಗಲ್ಲ. ನಮ್ಮ ಕಾಲುಪೇಟಿಯೇ ಮೊದಲು ಎಲ್ಲಿಂದ ಬಂತು?

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಬಾದಾಮಿಯ ಪಕ್ಕ ತಗಡಿನ ಥಿಯೇಟರುಗಳು ಸಾಲಾಗಿ ಏಳ್ತವೆ, ತಿಂಗಳುಗಟ್ಟಲೆ ಆಟ. ಆ ಪೇಟಿ ಮಾಸ್ತರರ ನಂಬರ್ ಹುಡುಕೋಕೆ ನನಗೆ ಮೂರು ವಾರ ಬೇಕಾಯ್ತು. ಫೋನ್ ಎತ್ತಿದವರು ಅವರ ಮೊಮ್ಮಗ. ಅಜ್ಜ ಈ ವರ್ಷವೂ ಜಾತ್ರೆಗೆ ಬರ್ತಾರೆ, ಆದರೆ ಪೇಟಿ ತುಳಿಯೋಕೆ ಕಾಲು ಏಳಲ್ಲ, ಕೂತು ಹೇಳಿಕೊಡಬಹುದು ಅಂದ. ಅಂಗಡಿಯಲ್ಲಿ ನಾಲ್ಕು ದಿನ ರಜೆ ಸಿಕ್ಕಿದೆ, ಸಂಬಳ ಕಟ್. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿಗೆ ಮೂರು ಟಿಕೆಟ್ ಮಾಡಿಸಿದೀನಿ, ಮೂರನೇದು ಕಾಕ್ಸ್ ಟೌನಿನವನಿಗೆ. ಕಾಕಾನಿಗೆ ಇನ್ನೂ ಹೇಳಿಲ್ಲ.